ಬಾಸುಂಡೆಯ ಇಂಗ್ಲಿಷ್ ಹೆಸರು

ಕೋರ್ಟಿನ ಭಾಷಾಂತರ ವಿಭಾಗಕ್ಕೆ ಹೊಸದಾಗಿ ಬಂದವರು ಇಂಗ್ಲಿಷಿನ ಉದ್ದುದ್ದ ವಾಕ್ಯಗಳನ್ನು ಕಂಡು ಹೆದರುತ್ತಾರೆ. ಹೆದರಬೇಕಾಗಿಲ್ಲ. ವಾಕ್ಯ ಎಷ್ಟೇ ಉದ್ದವಿರಲಿ, ಸಮಾಧಾನದಿಂದ ಬಿಡಿಸುತ್ತ ಹೋದರೆ ಬಿಡಿಸಿಕೊಳ್ಳುತ್ತದೆ. ಕೈಕೊಡುವುದು ನಾಮಪದಗಳು. ಅದರಲ್ಲೂ ಅಪರೂಪಕ್ಕೆ ಮುಖ ತೋರಿಸಿ ಹೋಗುವ ನಾಮಪದಗಳು. ನೋಡಲು ದಿನದ ಬಳಕೆಯ ಶಬ್ದದಂತೆಯೇ ಇರುತ್ತವೆ. ನೀವು ಗುರುತು ಸಿಕ್ಕಿತೆಂದು ಬರೆದು ಮುಂದೆ ಹೋಗುತ್ತೀರಿ. ಆಮೇಲೆ ನೋಡಿದರೆ ಯಾರದೋ ಮನೆ, ಯಾರೋ ಒಬ್ಬಳ ಗಂಡ ಆ ಒಂದು ಶಬ್ದದ ಕೆಳಗೆ ಸಿಕ್ಕಿಬಿದ್ದಿರುತ್ತಾರೆ.

ನಾನು ಗದಗದಲ್ಲಿ ಸೇರಿ, ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಕಡೆಯೆಲ್ಲ ಕೆಲಸ ಮಾಡಿ, ಮತ್ತೆ ಗದಗಕ್ಕೇ ಬಂದು ಈಚೆಗೆ ನಿವೃತ್ತಳಾದೆ. ವಕೀಲರಿಂದ ಹಿಡಿದು ಗೇಟಿನ ಹತ್ತಿರ ಮಿರ್ಚಿ ಕರಿಯುವವನವರೆಗೆ ಎಲ್ಲರೂ ನನ್ನನ್ನು ‘ಟ್ರಾನ್ಸ್‌ಲೇಟರ್ ಬಾಯಾರು’ ಎಂದೇ ಕರೆಯುತ್ತಿದ್ದರು. ಈಗ ನನ್ನ ಕುರ್ಚಿಯಲ್ಲಿ ಅಶ್ವಿನಿ ಕೂತಿದ್ದಾಳೆ. ಹುಲಕೋಟಿಯ ಹುಡುಗಿ, ಚುರುಕಿದ್ದಾಳೆ. ಮೊನ್ನೆ ಮನೆಗೆ ಬಂದಾಗ, “ಬಾಯಾರ, ನೀವು ಕಂಡದ್ದನ್ನ ಬರದು ಇಡ್ರಿ. ಪುಸ್ತಕದಾಗ ಇಂಥಾವು ಸಿಗೂದಿಲ್ಲ” ಎಂದಳು. ಅವಳು ಹೇಳಿದಳೆಂದು ಬರೆಯುತ್ತಿದ್ದೇನೆ. ಬಡ್ತಿ, ವರ್ಗಾವಣೆಯ ಕಥೆ ಇದರಲ್ಲಿಲ್ಲ. ಅವು ಎಲ್ಲರ ನೌಕರಿಯಲ್ಲೂ ಒಂದೇ ಥರ ಇರುತ್ತವೆ.

ನಮ್ಮ ಕೆಲಸ ಇಷ್ಟೇ. ಸಾಕ್ಷಿಗಳು ಕನ್ನಡದಲ್ಲಿ ಹೇಳಿದ್ದು ಮೇಲಿನ ಕೋರ್ಟಿಗೆ ಇಂಗ್ಲಿಷಿನಲ್ಲಿ ಹೋಗಬೇಕು. ಇಂಗ್ಲಿಷಿನಲ್ಲಿರುವ ಪತ್ರ, ಪ್ರಮಾಣಪತ್ರ, ತೀರ್ಪು ಇಲ್ಲಿನ ಜನರಿಗೆ ಕನ್ನಡದಲ್ಲಿ ಸಿಗಬೇಕು. ಎರಡೂ ಕಡೆಯವರಿಗೆ ನಾವು ಇದ್ದೇವೆಂಬುದೇ ಗೊತ್ತಾಗಬಾರದು. ಅಷ್ಟು ಸರಿಯಾಗಿ ಆಗಬೇಕು.

ನನ್ನ ಮೊದಲ ಮೇಲಧಿಕಾರಿ ಶಿರಸ್ತೇದಾರ ಕುಲಕರ್ಣಿ ಸಾಹೇಬರು. ತೆಳ್ಳಗಿನ ಮನುಷ್ಯ, ಬಾಯಲ್ಲಿ ಸದಾ ಲವಂಗ. ಒಂದು ಮುಂಜಾನೆ ಅವರು ನನ್ನನ್ನು ಕರೆದು ಒಂದು ದಾವೆಯ ಕನ್ನಡ ಪ್ರತಿ ಮುಂದಿಟ್ಟರು. ಬೆಟಗೇರಿಯ ನೇಕಾರ ಅಣ್ಣತಮ್ಮಂದಿರ ಪಾಲಿನ ದಾವೆ. ಅಣ್ಣ ಹಾಕಿದ ಇಂಗ್ಲಿಷ್ ಅರ್ಜಿಯಲ್ಲಿ ‘ಏರ್‌ಲೂಮ್ಸ್’ ಎಂಬ ಶಬ್ದವಿತ್ತು. ನನಗಿಂತ ಮುಂಚೆ ಇದ್ದ ತಾತ್ಕಾಲಿಕ ನೌಕರ ಅದನ್ನು ‘ವಂಶಪಾರಂಪರ್ಯದ ಮಗ್ಗಗಳು’ ಎಂದು ಬರೆದಿದ್ದ. ತಮ್ಮ ಅದನ್ನೋದಿ, “ನಮ್ಮಪ್ಪ ಇದ್ದಾಗಲೇ ಮಗ್ಗಗಳನ್ನು ಮಾರಿದ್ದೇವೆ, ಪಾಲು ಮಾಡಲು ಏನೂ ಉಳಿದಿಲ್ಲ” ಎಂದು ಉತ್ತರ ಹಾಕಿದ್ದ. ಅಣ್ಣ ಕೇಳುತ್ತಿದ್ದದ್ದು ಅಜ್ಜಿಯ ಕಾಲದ ಬೋರಮಾಳ ಸರ ಮತ್ತು ದೇವರ ಜಗಲಿಯ ಬೆಳ್ಳಿ ಕಳಸ. ಹೀಗೆ ಒಬ್ಬ ಸರ ಕೇಳುತ್ತ, ಇನ್ನೊಬ್ಬ ಮಗ್ಗ ಇಲ್ಲವೆನ್ನುತ್ತ ಎಷ್ಟೋ ತಾರೀಖು ಕಳೆದಿದ್ದವು.

“ನಿಮ್ಮ ಮನಿ ಬೆಟಗೇರಿಯಾಗ ಐತಿ. ನಿಮ್ಮಪ್ಪ ನೇಕಾರ. ಇದು ಮಗ್ಗ ಹೌದೋ ಅಲ್ಲೋ?” ಎಂದು ಸಾಹೇಬರು ಕೇಳಿದರು.

“ಮಗ್ಗ ಅಲ್ರಿ. ಹಳೇ ಇಂಗ್ಲಿಷ್‌ನ್ಯಾಗ ಯಾವುದ ಸಾಮಾನಿಗೆ, ಹತ್ಯಾರಕ್ಕ ಲೂಮ್ ಅಂತಿದ್ರಂತ. ಆಮ್ಯಾಲ ಅದು ಮಗ್ಗಕ್ಕ ನಿಂತಿತು. ಏರ್‌ಲೂಮ್ ಅಂದ್ರ ತಲಿಮಾರಿನಿಂದ ಮನ್ಯಾಗ ಉಳಕೊಂಡು ಬಂದ ವಸ್ತು.”

“ಮಗ್ಗದ ಮನಿ ಮಗಳ ಮಗ್ಗ ಅಲ್ಲ ಅಂದ್ಮ್ಯಾಲ ನಂಬಬೇಕವಾ” ಎಂದು ಲವಂಗ ಬಾಯಿಯ ಈ ಕಡೆಯಿಂದ ಆ ಕಡೆಗೆ ಸರಿಸಿದರು. ಪ್ರತಿ ತಿದ್ದಲಾಯಿತು. ತಮ್ಮ ಅದನ್ನೋದಿ ಕೋರ್ಟಿನಲ್ಲೇ ನಕ್ಕುಬಿಟ್ಟ. “ಇಷ್ಟಕ್ಕ ಏನ್ಲೇ ಅಣ್ಣಾ? ಸರ ನಿನ್ನ ಹೇಣ್ತಿಗೆ, ನಮ್ಮ ವೈನಿಗೆ ಇರಲಿ, ಕಳಸ ನಮ್ಮನ್ಯಾಗ ಇರಲಿ” ಎಂದ. ದಾವೆ ಅಲ್ಲಿಗೆ ಮುಗಿಯಿತು.

ಅಂದು ಕುಲಕರ್ಣಿ ಸಾಹೇಬರು ಹೇಳಿದ ಮಾತನ್ನು ಅಶ್ವಿನಿಗೂ ಹೇಳಿದ್ದೇನೆ. ಒಂದು ಶಬ್ದದಲ್ಲಿ ನಿಮಗೆ ಗೊತ್ತಿರುವ ತುಂಡೊಂದು ಕಂಡಿತು ಎಂದರೆ ಅಲ್ಲೇ ನಿಲ್ಲಬೇಕು. ಗೊತ್ತೇ ಇಲ್ಲದ ಶಬ್ದಕ್ಕಿಂತ ಅರ್ಧ ಗೊತ್ತಿರುವ ಶಬ್ದ ಹೆಚ್ಚು ಹಾಳು ಮಾಡುತ್ತದೆ.

ಶಿರಹಟ್ಟಿ ತಾಲೂಕಿನ ಕೇಸುಗಳಲ್ಲಿ ನನಗೆ ಹೆಚ್ಚು ಸಿಕ್ಕದ್ದು ಜಗಳದ ಶಬ್ದಗಳು. ನಮ್ಮ ಕಡೆ ಜಗಳಕ್ಕೆ ಎಷ್ಟು ಹೆಸರು! ಬಾಯಿಜಗಳ, ಎಳದಾಟ, ಗುದ್ದಾಟ, ಬಡದಾಟ. ಇಂಗ್ಲಿಷಿನಲ್ಲೂ ಬಡತನವಿಲ್ಲ. ಸ್ಕಫಲ್, ಬ್ರಾಲ್, ಮೆಲೇ, ಅಫ್ರೇ. ನನ್ನ ಜೊತೆಗಿದ್ದ ಪಾಟೀಲ ಎಂಬುವರಿಗೆ ‘ಅಫ್ರೇ’ ಬಹಳ ಇಷ್ಟ. ಕೇಳಲು ಗತ್ತಾಗಿದೆ ಎಂದು ಎಲ್ಲ ಬಡಿದಾಟಕ್ಕೂ ಅದನ್ನೇ ಹಾಕುತ್ತಿದ್ದರು. ಒಮ್ಮೆ ಇಬ್ಬರು ಓರಗಿತ್ತಿಯರು ಅಡುಗೆಮನೆಯಲ್ಲಿ ಲಟ್ಟಣಿಗೆ ಹಿಡಿದು ಆಡಿದ ಜಗಳಕ್ಕೂ ಅಫ್ರೇ ಎಂದು ಬರೆದರು. ಆಗಿನ ನ್ಯಾಯಾಧೀಶರು ಪ್ರತಿಯನ್ನು ನನ್ನ ಕಡೆ ತಿರುಗಿಸಿ, “ಏನ್ ಬಾಯಾರ, ಇವರ ಅಡಿಗಿಮನ್ಯಾಗ ಸಾರ್ವಜನಿಕರು ಓಡಾಡ್ತಾರೇನು?” ಎಂದರು. ಕಾನೂನಿನಲ್ಲಿ ಅಫ್ರೇ ಎಂದರೆ ಬಯಲಲ್ಲಿ, ನಾಲ್ಕು ಜನ ಓಡಾಡುವ ಜಾಗದಲ್ಲಿ ಹೊಡೆದಾಡಿ ಊರಿನ ಶಾಂತಿ ಕೆಡಿಸುವುದು. ಮನೆಯೊಳಗಿನ ಜಗಳ ಎಷ್ಟೇ ದೊಡ್ಡದಾದರೂ ಅಫ್ರೇ ಆಗುವುದಿಲ್ಲ. ಪಾಟೀಲರು ಆಮೇಲೆ ಆ ಶಬ್ದದ ಗೊಡವೆಗೇ ಹೋಗಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ನಡೆದ ನಿಜವಾದ ಅಫ್ರೇಗೂ ‘ಸ್ಕಫಲ್’ ಎಂದೇ ಬರೆದು ಬೈಸಿಕೊಂಡರು.

ಮುಂಡರಗಿಯಲ್ಲಿ ಎದುರಾದದ್ದು ‘ಕರ್ಟಿಲೇಜ್’. ಗಂಗವ್ವ ಎಂಬ ಗಟ್ಟಿ ಹೆಣ್ಣುಮಗಳು ತನ್ನ ಹಳೇ ಮನೆಯನ್ನು ಒಬ್ಬ ವ್ಯಾಪಾರಸ್ಥರಿಗೆ ಮಾರಿದ್ದಳು. ಖರೀದಿ ಪತ್ರ ಇಂಗ್ಲಿಷಿನಲ್ಲಿತ್ತು, ‘ಮನೆ ಮತ್ತು ಅದರ ಕರ್ಟಿಲೇಜ್’ ಎಂದು. ಮನೆಯ ಹಿಂದೆ ಗೋಡೆ, ಗೋಡೆಯ ಆಚೆ ಗಂಗವ್ವ ಜೋಳ ಒಕ್ಕುವ ಕಣ. ಕಣವೂ ತಮ್ಮದೇ ಎಂದು ಕೊಂಡವರು ಬೇಲಿ ಹಾಕಿಸಿದ್ದರು. ನಾನು ಆ ಒಂದು ಶಬ್ದಕ್ಕೆ ‘ಮನೆಗೆ ಹೊಂದಿಕೊಂಡು, ಮನೆಯ ಆವರಣದೊಳಗೇ ಇದ್ದು, ಮನೆಯವರ ನಿತ್ಯದ ಬಳಕೆಗೆ ಬರುವ ಜಾಗ’ ಎಂದು ಬರೆದೆ.

ನ್ಯಾಯಾಧೀಶರಿಗೆ ಸಿಟ್ಟು ಬಂತು. “ಒಂದು ಶಬ್ದಕ್ಕೆ ಒಂದು ಸಾಲು ಯಾಕೆ? ಹಿತ್ತಲು ಅನ್ನಿ, ಇಲ್ಲಾ ಅಂಗಳ ಅನ್ನಿ.”

“ಹಿತ್ತಲ ಅಂದ್ರ ಹಿಂದಿಂದಷ್ಟ ಬರತೈತ್ರಿ ಸಾಹೇಬ್ರ, ಅಂಗಳ ಅಂದ್ರ ಮುಂದಿಂದಷ್ಟ. ಬಾಜೂಕಿನ ಬಚ್ಚಲು, ಅರಬಿ ಒಗಿಯೂ ಕಲ್ಲು ಎರಡರಾಗೂ ಬರೂದಿಲ್ಲ. ಕನ್ನಡದಾಗ ಇದಕ್ಕ ಒಂದ ಶಬ್ದ ಇದ್ದಿದ್ರ ನಾನೂ ಒಂದ ಬರೀತಿದ್ದೆ.”

ಅವರು ಪ್ರತಿಯನ್ನು ಮತ್ತೊಮ್ಮೆ ಓದಿ, ಇರಲಿ ಎಂದರು. ಬಚ್ಚಲೂ ಒಗೆಯುವ ಕಲ್ಲೂ ಕೊಂಡವರಿಗೆ ಹೋದವು. ಗೋಡೆಯ ಆಚೆಯ ಕಣ ಗಂಗವ್ವನಿಗೆ ಉಳಿಯಿತು. ಒಂದಕ್ಕೊಂದು ಶಬ್ದ ಕೂಡಿಸಲೇಬೇಕೆಂಬ ಹಟ ಬೇಡ. ಅರ್ಥ ಒಂದು ಸಾಲು ಬೇಡಿದರೆ ಸಾಲನ್ನೇ ಕೊಡಬೇಕು, ಯಾರು ಕೇಳಿದರೂ ಕಾರಣ ಹೇಳಲು ತಯಾರಿರಬೇಕು.

ಕೆಲಸದ ರೀತಿ ನನ್ನ ಕಣ್ಣೆದುರೇ ಬದಲಾಯಿತು. ಟೈಪ್‌ರೈಟರ್ ಹೋಯಿತು, ಕಂಪ್ಯೂಟರ್ ಬಂತು. ದಪ್ಪ ನಿಘಂಟಿನ ಜಾಗಕ್ಕೆ ಮೊಬೈಲ್ ಬಂತು. ಈಗ ಯಂತ್ರವೇ ಪುಟಗಟ್ಟಲೆ ಭಾಷಾಂತರ ಮಾಡಿ ಕೊಡುತ್ತದೆ, ನಾವು ತಿದ್ದಬೇಕು. ನನ್ನ ಕೊನೆಯ ವರ್ಷಗಳಲ್ಲಿ ಅದರ ಜೊತೆಗೂ ಕೆಲಸ ಮಾಡಿದ್ದೇನೆ. ಒಬ್ಬಾತ ‘ವಿದೌಟ್ ಇಶ್ಯೂ’ ತೀರಿಕೊಂಡ ಎಂದು ಇಂಗ್ಲಿಷಿನಲ್ಲಿ ಇದ್ದರೆ, ಯಂತ್ರ ‘ಯಾವ ಸಮಸ್ಯೆಯೂ ಇಲ್ಲದೆ ತೀರಿಕೊಂಡ’ ಎಂದಿತು. ಮಕ್ಕಳಿಲ್ಲದೆ ತೀರಿಕೊಂಡ ಎಂದು ಆಗಬೇಕಿತ್ತು. ಆಗ ನನ್ನ ಕೈಕೆಳಗೆ ಕೆಲಸ ಕಲಿಯುತ್ತಿದ್ದ ಅಶ್ವಿನಿ ನಕ್ಕಳು. ನಾನು ನಗಲಿಲ್ಲ. ಯಂತ್ರ ಮಾಡಿದಂಥ ತಪ್ಪನ್ನು ಮನುಷ್ಯರು ಮಾಡಿದ್ದನ್ನೂ ನಾನು ಕಂಡಿದ್ದೇನೆ. ಅದರಿಂದ ಒಬ್ಬ ಜೈಲಿನಲ್ಲಿ ಕೂತಿದ್ದ. ಆ ಕೇಸನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಗದಗದ ಹತ್ತಿರ, ಹೊಂಬಳದ ಕಡೆಯ ಒಂದು ಹಳ್ಳಿ. ಅಲ್ಲಿ ಫಕೀರಪ್ಪ ಎಂಬ ರೈತ. ಊರೆಲ್ಲ ಟ್ರ್ಯಾಕ್ಟರ್ ತಂದರೂ ಅವನು ಎತ್ತು ಬಿಟ್ಟವನಲ್ಲ. ಒಂದು ಜೋಡಿ ಬಿಳಿ ಎತ್ತುಗಳಿದ್ದವು, ಅವುಗಳ ಮೈ ತಿಕ್ಕುವುದೆಂದರೆ ಅವನಿಗೆ ಪೂಜೆ ಮಾಡಿದಂತೆ. ಹೆಂಡತಿ ಯಲ್ಲವ್ವ, ಅದೇ ಊರಿನವಳು. ಅವಳ ತಮ್ಮ ಬಸವರಾಜನ ಮನೆ ಎರಡು ಓಣಿ ಆಚೆ. ಬಿತ್ತನೆಯ ಹೊತ್ತಿನಲ್ಲಿ ಬಸವರಾಜ ಒಂದು ದಿನದ ಮಟ್ಟಿಗೆ ಅಕ್ಕನ ಮನೆಯ ಎತ್ತು ಕೇಳಿ ಒಯ್ದ. ಬಾಡಿಗೆಯ ಟ್ರ್ಯಾಕ್ಟರಿನವನು ಕೈಕೊಟ್ಟಿದ್ದ. ನೆಲದ ಹಸಿ ಆರುವುದರೊಳಗೆ ಬಿತ್ತಬೇಕೆಂದು ಅವನು ಎತ್ತುಗಳನ್ನು ಮುಂಜಾನೆಯಿಂದ ಸಂಜೆವರೆಗೆ ನೀರು, ನೆರಳು ಇಲ್ಲದೆ ದುಡಿಸಿದ. ಸಂಜೆ ಫಕೀರಪ್ಪ ಹೊಲಕ್ಕೆ ಹೋಗಿ ನೋಡಿದಾಗ ಎರಡೂ ಎತ್ತುಗಳ ಹೆಗಲ ಚರ್ಮ ನೊಗಕ್ಕೆ ಹತ್ತಿ ಕಿತ್ತುಬಂದಿತ್ತು.

ಫಕೀರಪ್ಪ ಸಿಟ್ಟಿನಿಂದ ಕೂಗಾಡಿದ. ಬಸವರಾಜನ ಕೈಯಲ್ಲಿದ್ದ ಬಾರಕೋಲನ್ನೇ ಕಿತ್ತುಕೊಂಡು ಅವನ ಬೆನ್ನ ಮೇಲೆ ಬೀಸಿದ. ಬಾರಕೋಲು ಎಂದರೆ ಕೋಲಿನ ತುದಿಗೆ ತೊಗಲಿನ ಬಾರು ಕಟ್ಟಿದ್ದು, ಎತ್ತು ಹೊಡೆಯಲಿಕ್ಕೆ ಇಟ್ಟುಕೊಳ್ಳುವುದು. ಬಸವರಾಜ ತಪ್ಪಿಸಿಕೊಂಡು ಓಡುವಾಗ ಒಡ್ಡಿನ ಕಲ್ಲಿಗೆ ಎಡವಿ ಬಿದ್ದು, ತಲೆಗೆ ಪೆಟ್ಟಾಗಿ ಎಚ್ಚರ ತಪ್ಪಿದ. ಫಕೀರಪ್ಪನ ಸಿಟ್ಟು ಅಲ್ಲಿಗೇ ಇಳಿಯಿತು. ಹತ್ತಿರದ ಹೊಲದಲ್ಲಿ ನಿಂತಿದ್ದ, ತನ್ನ ಕಾಕನ ಮಗನ ಟ್ರ್ಯಾಕ್ಟರ್ ಓಡಿಸಿಕೊಂಡು ಬಂದು, ಬಸವರಾಜನನ್ನು ತಾನೇ ಎತ್ತಿ ಟ್ರೇಲರಿನಲ್ಲಿ ಮಲಗಿಸಿ ಆಸ್ಪತ್ರೆಗೆ ಒಯ್ದ.

ಆಸ್ಪತ್ರೆಯ ಡಾಕ್ಟರು ಗಾಯದ ಪ್ರಮಾಣಪತ್ರ ಬರೆದರು. ಇಂಗ್ಲಿಷಿನಲ್ಲಿ, ಅವಸರದ ಅಕ್ಷರದಲ್ಲಿ. ಬೆನ್ನ ಮೇಲೆ ಉದ್ದುದ್ದನೆಯ ಹಲವು ‘ವೀಲ್ಸ್’ ಇವೆ ಎಂದು ಅದರಲ್ಲಿತ್ತು. ಠಾಣೆಯಲ್ಲಿ ಅದನ್ನು ಕನ್ನಡಕ್ಕೆ ಇಳಿಸಿದವರು ಓದಿದ್ದು ‘ವೀಲ್’, ಬರೆದದ್ದು ‘ಗಾಲಿ’. ಬೆನ್ನ ಮೇಲೆ ಗಾಲಿಗಳ ಗುರುತುಗಳು ಎಂದಾಯಿತು. ಗಾಲಿ ಎಂದ ಮೇಲೆ ಗಾಡಿ ಎಲ್ಲಿ ಎಂದು ಹುಡುಕಬೇಕಲ್ಲ? ಹೊಲದ ಒಡ್ಡಿನ ಹತ್ತಿರವೇ ಟ್ರ್ಯಾಕ್ಟರಿನ ಗುರುತಿತ್ತು. ಓಡಿಸಿಕೊಂಡು ಬಂದವನು ಫಕೀರಪ್ಪನೇ. ಊರವರು ಸಿಟ್ಟಿನ ಕೂಗಾಟವನ್ನೂ ಕೇಳಿದ್ದರು, ಟ್ರ್ಯಾಕ್ಟರಿನ ಸಪ್ಪಳವನ್ನೂ ಕೇಳಿದ್ದರು. ಹೆಂಡತಿಯ ತಮ್ಮನ ಮೇಲೆ ಟ್ರ್ಯಾಕ್ಟರ್ ಹಾಯಿಸಿ ಕೊಲ್ಲಲು ನೋಡಿದ ಎಂದು ಕೇಸಾಯಿತು. ಬಸವರಾಜನನ್ನು ಕೇಳಿದರೆ, “ಬಾರಕೋಲಿನ ಏಟು ಬಿದ್ದದ್ದು ನೆಪ್ಪೈತಿ. ಮುಂದ ಏನಾತು ನನಗ ಗೊತ್ತಿಲ್ರಿ” ಎಂದ. ಅವನು ಹೇಳಿದ್ದು ಸುಳ್ಳಲ್ಲ.

ಫಕೀರಪ್ಪ ಜೈಲು ಸೇರಿದ. ಯಲ್ಲವ್ವ ಪೊಲೀಸರ ಕಾಗದದಲ್ಲಿ ಏನು ಬರೆದಿದೆ ಎಂದು ಯಾರಿಂದಲೋ ಓದಿಸಿ ಕೇಳಿ, ಮನೆಗೆ ಬೀಗ ಹಾಕಿ, ಎತ್ತುಗಳನ್ನು ಹೊಡೆದುಕೊಂಡು ತಮ್ಮನ ಮನೆಗೆ ಹೋಗಿಬಿಟ್ಟಳು. ಗಂಡನನ್ನು ಜೈಲಿನಲ್ಲಿ ನೋಡಲಿಕ್ಕೆ ಒಂದು ದಿನವೂ ಹೋಗಲಿಲ್ಲ.

ಆರೋಪಿಯ ಪರ ವಕೀಲರು ಇಂಗ್ಲಿಷ್ ಕಾಗದಗಳಿಗೆಲ್ಲ ಕೋರ್ಟಿನಿಂದಲೇ ಕನ್ನಡ ಪ್ರತಿ ಬೇಕೆಂದು ಕೇಳಿದ್ದರಿಂದ ಆ ಪ್ರಮಾಣಪತ್ರ ನನ್ನ ಮೇಜಿಗೆ ಬಂತು. ನಾನು ಅಕ್ಷರ ಅಕ್ಷರ ಓದುವವಳು. ‘ಡಬ್ಲ್ಯು’ ಆದ ಮೇಲೆ ‘ಎಚ್’ ಇರಲಿಲ್ಲ. ‘ಇ’ ಆದ ಮೇಲೆ ಇದ್ದದ್ದು ‘ಎ’. ಗಾಲಿಯಲ್ಲ, ಬೇರೆಯೇ ನಾಮಪದ. ಉಚ್ಚಾರ ಮಾತ್ರ ಒಂದೇ ಥರ. ಚಾಬೂಕೋ ಬೆತ್ತವೋ ಬಿದ್ದ ಕಡೆ ಚರ್ಮ ಉಬ್ಬಿ ಏಳುತ್ತದಲ್ಲ, ಅದು. ಇದಕ್ಕೆ ಕನ್ನಡ ಶಬ್ದ ಹುಡುಕಬೇಕಾದ ಪ್ರಶ್ನೆಯೇ ಇರಲಿಲ್ಲ. ಶಾಲೆಯಲ್ಲಿ ಬೆತ್ತದ ಏಟು ತಿಂದ ಎಲ್ಲರಿಗೂ ಗೊತ್ತು, ಬಾಸುಂಡೆ. ನಾನು ಬಾಸುಂಡೆ ಎಂದು ಬರೆದೆ.

ಆಗಿನ ನಮ್ಮ ಶಿರಸ್ತೇದಾರರು ಅಂಗಡಿ ಎಂಬುವರು. ಒಳ್ಳೆಯವರು, ಆದರೆ ಎರಡು ಕಾಗದ ಒಂದಕ್ಕೊಂದು ಒಪ್ಪದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

“ಬಾಯಾರ, ಠಾಣೆಯ ಪ್ರತಿಯಾಗ ಗಾಲಿ ಐತಿ, ನಿಮ್ಮ ಪ್ರತಿಯಾಗ ಬಾಸುಂಡಿ ಐತಿ. ಒಂದ ಕೇಸಿನ್ಯಾಗ ಎರಡು ಹ್ಯಾಂಗ ಇಡೂದು? ಗಾಲೀನ ಇರಲಿ ಬಿಡ್ರಿ. ತಪ್ಪಿದ್ರ ಮುಂದ ಡಾಕ್ಟರ್ ಬಂದು ಹೇಳ್ತಾರು.”

“ಡಾಕ್ಟರ್ ಸಾಕ್ಷಿ ಹೇಳೂದು ವಿಚಾರಣೆ ಸುರು ಆದಮ್ಯಾಲ್ರಿ. ಅಲ್ಲಿತನಾ ಆ ಮನಷ್ಯಾ ಒಳಗ ಇರಬೇಕೇನ್ರಿ? ನನ್ನ ಮುಂದಿರೂ ಕಾಗದದಾಗ ಗಾಲಿ ಇಲ್ಲ. ಇಲ್ಲದ್ದನ್ನ ನಾ ಹ್ಯಾಂಗ ಬರೀಲಿ?”

“ಸಾಹೇಬ್ರು ಕೇಳಿದ್ರ?”

“ನನ್ನನ್ನ ಕರೀರಿ. ನಾ ಹೇಳ್ತೀನಿ.”

ಕರೆದರು. ಜಾಮೀನು ಅರ್ಜಿಯ ದಿನ ಕೋರ್ಟು ತುಂಬಿತ್ತು. ಸರಕಾರಿ ವಕೀಲರು ಬುದ್ಧಿವಂತರು, ಅವರ ಆಕ್ಷೇಪಣೆ ತೆಗೆದುಹಾಕುವಂಥದಾಗಿರಲಿಲ್ಲ. “ಸ್ವಾಮಿ, ನಾನು ನಿಘಂಟು ನೋಡಿದ್ದೇನೆ. ಈ ಕಾಗುಣಿತದ ಶಬ್ದಕ್ಕೆ ಮೊದಲು ಕೊಟ್ಟ ಅರ್ಥ ಕ್ಷೇಮ, ಅಭ್ಯುದಯ. ಡಾಕ್ಟರು ಗಾಯಾಳುವಿನ ಬೆನ್ನ ಮೇಲೆ ಕ್ಷೇಮ ಇದೆ ಎಂದು ಬರೆಯುವುದಿಲ್ಲ. ಅವಸರದಲ್ಲಿ ಗಾಲಿಯ ಕಾಗುಣಿತ ತಪ್ಪಿದೆ, ಅಷ್ಟೇ” ಎಂದರು. ಕೋರ್ಟಿನಲ್ಲಿ ಸಣ್ಣ ನಗೆ ಎದ್ದಿತು.

ನ್ಯಾಯಾಧೀಶರು ನನ್ನ ಕಡೆ ತಿರುಗಿದರು. “ಏನು ಹೇಳ್ತೀರಿ?”

“ವಕೀಲರು ನೋಡಿದ್ದು ಸರಿ ಐತ್ರಿ. ಈ ಶಬ್ದಕ್ಕೆ ಕ್ಷೇಮ ಅಂತಲೂ ಅರ್ಥ ಇದೆ. ಜನರ ಒಳಿತು ಅನ್ನುವಲ್ಲಿ ಹಳೇ ಇಂಗ್ಲಿಷಿನಲ್ಲಿ ಅದನ್ನೇ ಬಳಸ್ತಾರೆ. ಆದರೆ ಆ ಅರ್ಥದಲ್ಲಿ ಅದನ್ನು ಒಂದು, ಎರಡು ಅಂತ ಎಣಿಸೋದಿಲ್ಲ. ಇಲ್ಲಿ ಕೊನೆಗೆ ‘ಎಸ್’ ಹಚ್ಚಿದ್ದಾರೆ, ಹಲವು ಅಂತಲೂ ಬರೆದಿದ್ದಾರೆ. ಎಣಿಸುವಂಥ ವೀಲ್ ಅಂದರೆ ಚಾಬೂಕು, ಬೆತ್ತದ ಏಟಿಗೆ ಏಳುವ ಬಾಸುಂಡೆ. ಎರಡೂ ಬೇರೆ ಬೇರೆ ಶಬ್ದಗಳು, ಕಾಗುಣಿತ ಮಾತ್ರ ಒಂದೇ.”

“ಹಾಗಾದರೆ ಗಾಲಿ ಹಾಯ್ದಿಲ್ಲ ಅಂತೀರಾ?”

ಇಲ್ಲಿ ಒಂದು ಗಳಿಗೆ ಎಚ್ಚರ ಬೇಕು. ಹೌದು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಎಲುಬು ಮುರಿದಿಲ್ಲ ಎಂದು ಅದೇ ಕಾಗದದ ಕೆಳಗೆ ಇತ್ತು, ಅದನ್ನೂ ಎತ್ತಿ ಹೇಳಬಹುದಾಗಿತ್ತು. ಆದರೆ ನಾನು ಆರೋಪಿಯ ವಕೀಲೆಯಲ್ಲ.

“ಏನು ಹಾಯ್ದಿತು, ಏನು ಹಾಯಲಿಲ್ಲ ಅನ್ನೋದು ನನಗೆ ಗೊತ್ತಿಲ್ಲ ಸ್ವಾಮಿ. ಬರೆದ ಶಬ್ದ ಯಾವುದು, ಅದರ ಅರ್ಥ ಏನು ಅನ್ನೋದಷ್ಟೇ ನನ್ನ ಕೆಲಸ. ಬರೆದದ್ದು ಬಾಸುಂಡೆ. ಬರೆದವರು ಏನು ನೋಡಿದರು ಅಂತ ಅವರನ್ನೇ ಕೇಳಬೇಕು.”

ಅವರು ತಲೆದೂಗಿದರು. ಡಾಕ್ಟರಿಗೆ ಆ ಹೊತ್ತಿಗೆ ಲಕ್ಷ್ಮೇಶ್ವರಕ್ಕೆ ವರ್ಗವಾಗಿತ್ತು. ಬಂದು ಸ್ಪಷ್ಟನೆ ಕೊಡಲಿ ಎಂದು ಆದೇಶವಾಯಿತು.

ನಾನು ಹೊರಗೆ ಬಂದಾಗ ಜಗಲಿಯ ಕಂಬದ ಹತ್ತಿರ ಒಬ್ಬ ಹೆಣ್ಣುಮಗಳು ಸೆರಗು ಬಿಗಿದುಕೊಂಡು ನಿಂತಿದ್ದಳು. ಯಲ್ಲವ್ವ. ಅದುವರೆಗೆ ಅವಳನ್ನು ನಾನು ನೋಡಿರಲಿಲ್ಲ.

“ಬಾಯಾರ, ಒಳಗ ನೀವು ಬಾಸುಂಡಿ ಅಂದ್ರಿ. ನನಗ ಖರೆ ಕೇಳಿಸ್ತೋ ಇಲ್ಲೋ?”

“ಖರೆ ಕೇಳಿಸ್ಯಾದವಾ. ಕಾಗದದಾಗ ಹಂಗ ಬರದೈತಿ.”

“ಟ್ರ್ಯಾಕ್ಟರ್ ಅಂತ ಇಲ್ಲೇನ್ರಿ?”

“ಡಾಕ್ಟರ್ ಬರದ ಕಾಗದದಾಗ ಟ್ರ್ಯಾಕ್ಟರೂ ಇಲ್ಲ, ಗಾಲೀನೂ ಇಲ್ಲ.”

ಅವಳು ಹಾಗೇ ಕಂಬಕ್ಕೆ ಒರಗಿ ಕೆಳಗೆ ಕುಳಿತಳು. ನಾನೂ ಪಕ್ಕದಲ್ಲೇ ಕುಳಿತೆ. ಮೇಜಿನ ಮೇಲೆ ಕೆಲಸ ಬಿದ್ದಿತ್ತು, ಬಿದ್ದಿರಲಿ ಎನಿಸಿತು.

“ನಮ್ಮ ತಮ್ಮನ ಬೆನ್ನಿಗೆ ನಾನ ಎಣ್ಣಿ ಹಚ್ಚೀನ್ರಿ” ಎಂದಳು ಆಮೇಲೆ. “ಬಾಸುಂಡಿ ನನ್ನ ಕಣ್ಣಿಗೆ ಕಂಡಿದ್ವು. ಆದ್ರ ಕಾಗದದಾಗ ಗಾಲಿ ಅಂತ ಬರದಾರು, ಸರಕಾರದ ಕಾಗದ, ಓದಿದವರು ಬರದದ್ದು ಅಂತ ನನ್ನ ಕಣ್ಣನ್ನ ನಾ ನಂಬಲಿಲ್ಲ. ಇಷ್ಟ ವರ್ಷ ಬಾಳೇವು ಮಾಡಿದ ಗಂಡನ್ನೂ ನಂಬಲಿಲ್ಲ.”

ಹೇಳುವಾಗ ಅಳಲಿಲ್ಲ. ಎದ್ದು ಸೀರೆಯ ಧೂಳು ಕೊಡವಿಕೊಂಡು, “ಜೈಲು ಯಾವ ಕಡೆ ಐತ್ರಿ?” ಎಂದು ಕೇಳಿದಳು. ನಾನೇ ಗೇಟಿನವರೆಗೆ ಹೋಗಿ ಆಟೋ ಹತ್ತಿಸಿದೆ.

ಡಾಕ್ಟರು ಬಂದರು. ಎಳೆಯ ವಯಸ್ಸಿನವರು. ತಮ್ಮ ಅಕ್ಷರವನ್ನು ತಾವೇ ಕನ್ನಡಕ ಸರಿಮಾಡಿಕೊಂಡು ಓದಿ, ವಿಷಯ ತಿಳಿದು ದಂಗಾದರು. ಬೆನ್ನ ಮೇಲೆ ಇದ್ದದ್ದು ಚಾಬೂಕಿನಂಥದರಿಂದ ಎದ್ದ ಬಾಸುಂಡೆಗಳು, ಭಾರವಾದದ್ದು ಯಾವುದೂ ಮೈಮೇಲೆ ಹಾಯ್ದ ಗುರುತಿರಲಿಲ್ಲ, ತಲೆಯ ಗಾಯ ಕಲ್ಲಿನ ಮೇಲೆ ಬಿದ್ದದ್ದರಿಂದ ಆಗಿರಬಹುದು ಎಂದು ಬರೆದುಕೊಟ್ಟರು. ಸರಕಾರಿ ವಕೀಲರು ಆಕ್ಷೇಪಣೆ ಹಿಂದಕ್ಕೆ ಪಡೆದರು. ಹೋಗುವಾಗ ನನ್ನ ಮೇಜಿನ ಹತ್ತಿರ ನಿಂತು, “ಬಾಯಾರ, ಎಣಿಸುವ ನಾಮಪದ, ಎಣಿಸದ ನಾಮಪದ. ಹೈಸ್ಕೂಲಿನಾಗ ಕಲಿಸಿದ್ರು, ಅದು ಕೋರ್ಟಿನ್ಯಾಗ ಉಪಯೋಗಕ್ಕ ಬರತೈತಿ ಅಂತ ಯಾರೂ ಹೇಳಿರಲಿಲ್ಲ” ಎಂದು ನಕ್ಕರು. ಡಾಕ್ಟರು ಮಾತ್ರ ನಗಲಿಲ್ಲ. ಇನ್ನು ಮುಂದೆ ದೊಡ್ಡ ಅಕ್ಷರದಲ್ಲಿ ಬಿಡಿಸಿ ಬರೆಯುತ್ತೇನೆ, ಪಕ್ಕದಲ್ಲಿ ಕನ್ನಡ ಶಬ್ದವನ್ನೂ ಹಾಕುತ್ತೇನೆ ಎಂದರು. ಮುಂದೆ ಲಕ್ಷ್ಮೇಶ್ವರದಿಂದ ಬಂದ ಅವರ ಪ್ರಮಾಣಪತ್ರಗಳನ್ನು ನೋಡಿದ್ದೇನೆ. ಮಾತಿಗೆ ತಪ್ಪಿಲ್ಲ.

ಕೊಲೆಯತ್ನದ ಆರೋಪ ಬಿದ್ದುಹೋಗಿ, ಹೊಡೆದದ್ದರ ಕೇಸಷ್ಟೇ ಉಳಿಯಿತು. ಅದು ಇಬ್ಬರೂ ಒಪ್ಪಿದರೆ ರಾಜಿಯಾಗಬಹುದಾದದ್ದು. ರಾಜಿಯ ದಿನ ನಾನು ಬೇರೆ ಯಾವುದೋ ಪ್ರತಿ ಕೊಡಲು ಅದೇ ಕೋರ್ಟಿಗೆ ಹೋಗಿದ್ದೆ. ಫಕೀರಪ್ಪನನ್ನು ಸರಿಯಾಗಿ ನೋಡಿದ್ದು ಆಗಲೇ. ಜಾಮೀನಿನ ಮೇಲೆ ಹೊರಗೆ ಬಂದಿದ್ದರೂ ಮೈ ಇಳಿದಿತ್ತು. ನ್ಯಾಯಾಧೀಶರು ಬಸವರಾಜನನ್ನು ಕೇಳಿದರು, “ಏನಪ್ಪಾ, ಯಾರಾದರೂ ಒತ್ತಾಯ ಮಾಡಿದಾರೇನು? ನಿನ್ನ ಮನಸಿನಿಂದ ರಾಜಿ ಆಗ್ತೀಯೇನು?”

“ಯಾರ ಒತ್ತಾಯಾನೂ ಇಲ್ರಿ. ಎತ್ತಿಗೆ ನಾ ಹಂಗ ಮಾಡಬಾರದಿತ್ರಿ” ಎಂದ ಬಸವರಾಜ. “ಮಾಂವ ಸಿಟ್ಟಿನಾಗ ಹೊಡದಾನು. ಎಚ್ಚರ ತಪ್ಪಿದಾಗ ಹೊತ್ತು ಒಯ್ದಾಂವಾನೂ ಅವನ.”

“ನೀ ಏನಂತೀ?” ಎಂದು ಫಕೀರಪ್ಪನನ್ನು ಕೇಳಿದರು.

“ಹೊಡದದ್ದು ಖರೇನ್ರಿ. ಟ್ರ್ಯಾಕ್ಟರ್ ಹಾಯಿಸಿಲ್ಲ ಅಂತ ಜೈಲಿನ್ಯಾಗ ಹೇಳಿ ಹೇಳಿ ಸಾಕಾಗಿತ್ರಿ. ಹೊಡದದ್ದರ ಮಾತು ಯಾರೂ ಕೇಳಲೇ ಇಲ್ಲ. ಅದನ್ನ ಇವತ್ತ ಹೇಳ್ತೀನ್ರಿ. ತಪ್ಪು ಮಾಡೀನಿ.”

ರಾಜಿಯ ಕಾಗದಕ್ಕೆ ಇಬ್ಬರೂ ಸಹಿ ಹಾಕಿದರು. ಹೊರಗೆ ಜಗಲಿಯಲ್ಲಿ ಯಲ್ಲವ್ವ ನಿಂತಿದ್ದಳು. ಫಕೀರಪ್ಪ ಅವಳ ಮುಂದೆ ಹೋಗಿ, ತಲೆ ಎತ್ತದೆ, “ಕೇಸ್ ಮುಗೀತು. ಮನಿಗೆ ನಡಿ” ಎಂದ.

“ಕೋರ್ಟು ಬಿಟ್ಟೈತಿ. ನನ್ನ ತಮ್ಮನೂ ಬಿಟ್ಟಾನ” ಎಂದಳು ಯಲ್ಲವ್ವ, ಸುತ್ತ ಯಾರು ಕೇಳಿಸಿಕೊಳ್ಳುತ್ತಾರೆಂಬ ಲಕ್ಷ್ಯವಿಲ್ಲದೆ. “ನಾ ಇನ್ನೂ ಬಿಟ್ಟಿಲ್ಲ. ಆ ಬೆನ್ನಿಗೆ ಎಣ್ಣಿ ಹಚ್ಚಿದಾಕಿ ನಾನು.”

ಬಸವರಾಜ, “ಅಕ್ಕಾ, ಹೋಗ್ಲಿ ಬಿಡ...” ಎನ್ನಲು ಹೋದ.

“ನೀ ಬಾಯಿ ಮುಚ್ಚಲೇ! ಎತ್ತಿನ ಹೆಗಲ ಕಿತ್ತಾಂವ ನೀನ. ನಿನ್ನನ್ನೂ ಬಿಟ್ಟಿಲ್ಲ.” ಕೈಯಲ್ಲಿದ್ದ ಚೀಲವನ್ನು ಗಂಡನ ಕೈಗೆ ಕೊಟ್ಟಳು. “ಹೊಂಬಳದ ಬಸ್ಸಿಗೆ ಹೊತ್ತಾತು. ನಡೀರಿ ಇಬ್ಬರೂ. ಮದ್ಲ ಎತ್ತಿನ ಮೈ ತೊಳೀರಿ. ಉಳಿದದ್ದು ಆಮ್ಯಾಲ ನೋಡೂಣು.”

ಮುಂದೆ ಅವಳು ಹೊರಟಳು. ಚೀಲ ಹಿಡಿದುಕೊಂಡು ಫಕೀರಪ್ಪ, ಅವನ ಪಕ್ಕದಲ್ಲಿ ಬಸವರಾಜ, ಇಬ್ಬರೂ ಅವಳ ಹಿಂದೆ ಬಸ್‌ಸ್ಟ್ಯಾಂಡಿನ ದಾರಿ ಹಿಡಿದರು.